ಎಲುಬು ಗಟ್ಟಿ ಅದ

ಮನೆಯವರೆಲ್ಲ ನೆಲದ ಮೇಲೆ ಸಾಲಾಗಿ ಕೂತು ಉಣ್ಣುವಾಗ ನಾನೊಬ್ಬಳೇ ಕುರ್ಚಿ ಹಾಕಿಕೊಂಡು ಮಹಾರಾಣಿಯ ಹಾಗೆ ಮೇಲೆ ಕೂತಿರುತ್ತೇನೆ. ಮಾನ್ವಿಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಎಷ್ಟು ದುಡಿದರೂ ದಕ್ಕದ ಎತ್ತರ, ಒಂದು ಕಾರು ಗುದ್ದಿದ್ದಕ್ಕೆ ದಕ್ಕಿತು ನೋಡಿ.

ಶಾಲೆಯಲ್ಲಿ ಪಾಠ ಮುಗಿಸಿ ಸಿರವಾರ ರಸ್ತೆ ದಾಟುತ್ತಿದ್ದೆ. ಕಾರಿನ ಮೂತಿ ಮೊಣಕಾಲಿನ ಪಕ್ಕಕ್ಕೆ ಬಡಿಯಿತು, ಬಿದ್ದೆ. ಬಿದ್ದವಳು ಮೊದಲು ಮಾಡಿದ್ದೇನು? ಸೆರಗು ಸರಿಮಾಡಿಕೊಂಡು, ಓಡಿಬಂದವರಿಗೆ ಏನೂ ಆಗಿಲ್ಲವೆಂದು ಹೇಳಿ, ನಡೆದೂ ತೋರಿಸಿದೆ. ನಮ್ಮ ಕಡೆ ಹೆಣ್ಣುಮಗಳು ನಡುಬೀದಿಯಲ್ಲಿ ಬಿದ್ದರೆ ಕಾಲಿಗಿಂತ ಮೊದಲು ಮರ್ಯಾದೆಯನ್ನು ಎತ್ತಿ ನಿಲ್ಲಿಸಬೇಕಲ್ಲ.

ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ ಎಂದ ಕೂಡಲೇ ಗಂಡ ದೇವರಿಗೆ ಕಾಯಿ ಒಡೆದು ಬಂದರು. ಆದರೆ ಬಾವು ಇಳಿದ ಮೇಲೂ ಆ ಕಾಲು ನನ್ನ ಮಾತು ಕೇಳದು. ಮೆಟ್ಟಿಲಿಳಿಯುವಾಗ ತಿರುಗಣಿ ಕಳಚಿದ ಬಾಗಿಲಿನಂತೆ ಒಮ್ಮೆಲೇ ವಾಲುತ್ತದೆ. ರಾಯಚೂರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಎಲುಬುಗಳನ್ನು ಬಿಗಿದು ಹಿಡಿಯುವ ಒಳಗಿನ ಪಟ್ಟಿ ಹರಿದಿದೆ, ಅದು ಎಕ್ಸ್‌ರೇಗೆ ಕಾಣದು, ಆಪರೇಶನ್ ಆಗಬೇಕು ಎಂದರು. ಅರಕೇರಾದ ಕಡೆಯಿಂದ ಬಂದ ಎಲುಬು ಕಟ್ಟುವ ಅಜ್ಜ ಮುಟ್ಟಿನೋಡಿ, ನರ ಸರಿದಿದೆ, ಎಣ್ಣೆ ತಿಕ್ಕಿದರೆ ಸಾಕು ಎಂದ. ಎಲುಬು ಗಟ್ಟಿಯಿದ್ದ ಮೇಲೆ ಕಾಲು ಕೊಯ್ಯಿಸುವುದೇಕೆಂದು ಗಂಡನ ವಾದ. ಮುರಿದದ್ದಕ್ಕೆ ಮುರಿದಿದೆ ಎಂಬ ಹೆಸರಾದರೂ ಉಂಟು, ಇದಕ್ಕೇನೆನ್ನಲಿ? ಕೊಯ್ಯಿಸಿದರೆ ನೆಟ್ಟಗಾಗುತ್ತದೆಯೋ, ಇದ್ದದ್ದೂ ಹೋಗುತ್ತದೆಯೋ? ನಿಂತು ಪಾಠ ಹೇಳುವವಳಿಗೆ ನಿಲ್ಲುವ ಭರವಸೆಯೇ ಇಲ್ಲದಿದ್ದರೆ ಹೇಗೆ? ನಿಮ್ಮ ಮುಂದೆ ಮುಚ್ಚಿಡುವುದೇನು, ಭಯವಾಗುತ್ತದೆ.

ನಿನ್ನೆ ಮಧ್ಯಾಹ್ನ ಮಂಚದ ಅಂಚಿಗೆ ಕೂತು ಎಣ್ಣೆ ತಿಕ್ಕುತ್ತಿದ್ದ ಅತ್ತೆಯ ಕೈ ನಿಂತಿತು.

"ತಿಕ್ಕಿದ್ರ ಹೋಗಂಗಿಲ್ಲ ಯವ್ವಾ. ದೇವದುರ್ಗದಾಗ ಜೀಪು ಬಡದಾಗ ನನಗೂ ಎಲುಬು ಗಟ್ಟಿ ಅದ ಅಂದಿದ್ರು."

ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡು ಅತ್ತೆ ನಿಂತೇ ಉಣ್ಣುವುದನ್ನು ನಾನು ಮಡಿ ಎಂದುಕೊಂಡಿದ್ದೆ, ಸಿಟ್ಟು ಬಂದ ದಿನ ಸೊಕ್ಕು ಎಂದೂ. ನೆಲಕ್ಕೆ ಕೂತರೆ ಅವರಿಗೆ ಏಳಲು ಬಾರದೆಂಬುದು ಹೆತ್ತ ಮಗನಿಗೂ ಗೊತ್ತಿರಲಿಲ್ಲ.

ಆಪರೇಶನ್ನಿನಿಂದ ಏನಾದೀತೋ ನನಗಿನ್ನೂ ತಿಳಿಯದು. ಆದರೂ ಸಂಜೆ ಗಂಡನಿಗೆ, ರಾಯಚೂರಿನ ಆಸ್ಪತ್ರೆಯಲ್ಲಿ ಇಬ್ಬರ ಹೆಸರೂ ಹಚ್ಚಿಸಿರಿ ಎಂದೆ. ಅತ್ತೆ ಬೇಡವೆನ್ನಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅವರು ಗೋಡೆ ಹಿಡಿದು ನಡೆಯುವುದನ್ನು, ಒಂದೇ ಮನೆಯಲ್ಲಿದ್ದೂ, ನಾನು ಕಂಡದ್ದು ನಿನ್ನೆಯೇ ಮೊದಲು.