ಖಾಲಿ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ತಿಕೋಟಾದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಹುಣಸೆಮರದ ದೆವ್ವದ ಕಥೆ ಹೇಳಿದ ಹುಡುಗರ ಕಿವಿ ಹಿಂಡಿದ್ದೇನೆ. ಅಂಥವನು ಇದನ್ನು ಬರೆಯುತ್ತಿದ್ದಾನಲ್ಲ ಎಂದು ನೀವು ನಕ್ಕರೂ ನನಗೆ ಬೇಸರವಿಲ್ಲ. ಕೇಳಿದ್ದನ್ನು ಕೇಳಿದೆ ಎಂದಷ್ಟೇ ಹೇಳುತ್ತೇನೆ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನನ್ನ ಅಕ್ಕ ಗಂಗವ್ವನನ್ನು ಜೈನಾಪುರದ ಗಂಡನ ಮನೆಯವರು ಘೋಣಸಗಿಯ ನಮ್ಮ ಮನೆಗೆ ತಂದು ಬಿಟ್ಟುಹೋಗಿದ್ದರು. ಅವರ ದೂರು ಒಂದೇ: ಈಕೆ ಮೈಗಳ್ಳಿ, ಮುಂಜಾನೆ ನಗುನಗುತ್ತ ನೀರು ತರುತ್ತಾಳೆ, ಮಧ್ಯಾಹ್ನವಾದರೆ ನಾಟಕ ಶುರು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನಿಸಿತ್ತು. ಅಕ್ಕ ಮೊದಲ ಎರಡು ರೊಟ್ಟಿ ಚಕಚಕ ಬಡಿಯುತ್ತಿದ್ದಳು. ಮೂರನೆಯದಕ್ಕೆ ಕೈ ನಿಧಾನವಾಗುತ್ತಿತ್ತು, ನಾಲ್ಕನೆಯದು ಅರ್ಧಕ್ಕೇ ನಿಲ್ಲುತ್ತಿತ್ತು. ಸಂಜೆಗೆ ರೆಪ್ಪೆ ಜೋತುಬಿದ್ದು ಮಾತು ಮೂಗಿನಲ್ಲಿ ಬರುತ್ತಿತ್ತು. ತುತ್ತು ಅಗಿಯಲು ಗದ್ದಕ್ಕೆ ಕೈ ಆನಿಸಿಕೊಳ್ಳಬೇಕು. "ಅಕ್ಕಾ, ಛಲೋ ನಾಟಕ ಮಾಡ್ತಿ ಬಿಡು" ಎಂದು ಒಮ್ಮೆ ಚೇಷ್ಟೆ ಮಾಡಿದೆ. ಆಕೆ ನಗಲು ನೋಡಿದಳು. ನಗು ಮುಖಕ್ಕೆ ಬರಲೇ ಇಲ್ಲ. ಆ ಮುಖ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅಪ್ಪ ಆಕೆಯನ್ನು ಮೂರು ಸಲ ವಿಜಾಪುರಕ್ಕೆ ಕರೆದೊಯ್ದಿದ್ದ. ಮಗಳಿಗೆ ದಣಿವಾಗಬಾರದೆಂದು ನಸುಕಿನಲ್ಲೇ ಬಂಡಿಯಲ್ಲಿ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿ, ತಿಕೋಟಾದವರೆಗೆ ಮಲಗಿಸಿಕೊಂಡು ಹೋಗುತ್ತಿದ್ದ. ಅಲ್ಲಿಂದ ಬಸ್ಸಿನಲ್ಲೂ ಆಕೆಯ ತಲೆ ಅವನ ತೊಡೆಯ ಮೇಲೆಯೇ. ವಿಜಾಪುರದ ಜೋರಾಪುರ ಪೇಟೆಯ ಡಾಕ್ಟರು ನೋಡುವ ಹೊತ್ತಿಗೆ ಅಕ್ಕನ ಕಣ್ಣು ನೆಟ್ಟಗೆ, ಕೈ ಗಟ್ಟಿ. "ಏನೂ ಆಗಿಲ್ಲ ತಗೋರಿ, ಒಂದ್ ಬಾಟ್ಲಿ ಟಾನಿಕ್ ಕುಡಸ್ರಿ" ಎಂದು ಕಳಿಸುತ್ತಿದ್ದರು. ಅಪ್ಪನ ಅಕ್ಕರೆಯೇ ರೋಗವನ್ನು ಮುಚ್ಚಿಡುತ್ತಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೊನೆಕೊನೆಗೆ ಕುಡಿದ ನೀರು ಮೂಗಿನಿಂದ ಹೊರಬರತೊಡಗಿತು. ಅಕ್ಕ ಉಳಿಯುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು, ನಾನು ಪಕ್ಕದಲ್ಲಿ ಕುಳಿತು ಗಾಳಿ ಬೀಸುತ್ತಿದ್ದೆ. ಆಗ ಒಳಗೆ ಅಡುಗೆಮನೆಯಲ್ಲಿ ಯಾರೋ ರೊಟ್ಟಿ ಬಡಿಯತೊಡಗಿದರು.

ಅವ್ವ ಹಿತ್ತಲ ಕಡೆಯಿಂದ ಬಂದಿರಬೇಕು ಎಂದುಕೊಂಡೆ. ಆದರೆ ಅವ್ವನ ಕೈ ಹಾಗಲ್ಲ, ಇಪ್ಪತ್ತು ರೊಟ್ಟಿಗೂ ಒಂದೇ ಸಮ ಬಡಿಯುವವಳು. ಈ ಸಪ್ಪಳ ಎರಡು ರೊಟ್ಟಿಯವರೆಗೆ ಚುರುಕಾಗಿತ್ತು, ಮೂರನೆಯದಕ್ಕೆ ಕುಗ್ಗಿತು, ನಾಲ್ಕನೆಯದಕ್ಕೆ ನಿಂತೇಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಮೊದಲಿನಷ್ಟೇ ಚುರುಕು, ಮತ್ತೆ ಅದೇ ಸೋಲು. ಅದು ಅಕ್ಕನ ಕೈ. ಅಕ್ಕ ನನ್ನ ಮುಂದೆಯೇ ಮಲಗಿದ್ದಳು. ಎದ್ದು ಹೋದೆ. ನಾನು ಹೊಸ್ತಿಲು ದಾಟುತ್ತಲೇ ಸಪ್ಪಳ ನಿಂತಿತು. ಒಲೆ ತಣ್ಣಗಿತ್ತು, ಹಿಟ್ಟಿನ ಡಬ್ಬಿ ಮುಚ್ಚಿತ್ತು, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು.

ವಿಚಿತ್ರವೆಂದರೆ ನನಗೆ ಹೆದರಿಕೆಗಿಂತ ಮೊದಲು ಅಳು ಬಂತು. ಮೈಗಳ್ಳತನ ಮಾಡುವ ಕೈ ಹೀಗೆ ಮತ್ತೆ ಮತ್ತೆ ಶುರುಮಾಡುವುದಿಲ್ಲ. ದುಡಿದಷ್ಟೂ ಸೋಲುತ್ತಿದೆ, ಸುಧಾರಿಸಿಕೊಂಡರೆ ಮರಳುತ್ತಿದೆ. ಎಷ್ಟೋ ತಿಂಗಳು ಕಣ್ಣಾರೆ ಕಂಡರೂ ತಿಳಿಯದ್ದು ಆ ಗಳಿಗೆಯಲ್ಲಿ ಕಿವಿಗೆ ತಿಳಿಯಿತು.

ಮರುದಿನ, ಈ ಸಲ ಮಲಗಿಸುವುದು ಬೇಡವೆಂದು ಅಪ್ಪನ ಜೊತೆ ಜಗಳವಾಡಿ, ಮಧ್ಯಾಹ್ನದ ಬಸ್ಸಿನಲ್ಲಿ ಅಕ್ಕನನ್ನು ಕೂರಿಸಿಕೊಂಡೇ ಅದೇ ಡಾಕ್ಟರ ಬಳಿ ಕರೆದೊಯ್ದೆವು. "ಸಾಹೇಬ್ರ, ಈಕಿ ರೊಟ್ಟಿ ಬಡಿಯೂದು ಒಂದೀಟ ನೋಡ್ರಿ" ಎಂದೆ. ಡಾಕ್ಟರು ನಕ್ಕರು. ಆದರೂ ಮೇಜಿನ ಮೇಲೆ ಬರಿಗೈಯಲ್ಲಿ ಬಡಿಯಲು ಹೇಳಿದರು. ನೋಡನೋಡುತ್ತಿದ್ದಂತೆ ಅಕ್ಕನ ಕೈ ಬಿದ್ದವು, ರೆಪ್ಪೆ ಬಿದ್ದವು, ಡಾಕ್ಟರ ನಗುವೂ ಹೋಯಿತು. ಏನೋ ಒಂದು ಸೂಜಿ ಚುಚ್ಚಿದರು. ಅರ್ಧ ಗಂಟೆಯೊಳಗೆ ಅಕ್ಕ ಪೂರ್ತಿ ಕಣ್ಣು ತೆರೆದು ಅಪ್ಪನನ್ನು ನೋಡಿದಳು. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವ ಜಾಗದಲ್ಲೇ ದೋಷವಿದೆ, ಗುಳಿಗೆ ಮಾತ್ರ ತಪ್ಪಿಸಬಾರದು ಎಂದರು ಡಾಕ್ಟರು. ಅಪ್ಪ ಗೋಡೆಗೆ ಮುಖ ಮಾಡಿ ಅತ್ತ.

ಗುಳಿಗೆಯ ಮೇಲೆ ಅಕ್ಕ ಚೇತರಿಸಿಕೊಂಡಳು. ಆ ಸಪ್ಪಳ ನನ್ನ ಕಿವಿಯ ಭ್ರಮೆ, ಅಕ್ಕನ ಚಿಂತೆಯಲ್ಲಿ ಹಾಗೆ ಕೇಳಿಸಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಅದನ್ನು ಅಕ್ಕನಿಗೆ ಹೇಳಿದೆ. ನೀನು ಗಾಢ ನಿದ್ದೆಯಲ್ಲಿದ್ದೆ ಎಂದೂ ಸೇರಿಸಿದೆ. ಆಕೆ ಕೊಟ್ಟ ಉತ್ತರದ ಮುಂದೆ ನನ್ನ ಯಾವ ಸಮಾಧಾನವೂ ನಿಲ್ಲಲಿಲ್ಲ, ಇಂದಿಗೂ ನಿಂತಿಲ್ಲ.

"ಎಲ್ಲಿ ನಿದ್ದಿ ತಮ್ಮಾ, ಕಣ್ಣ ತೆರಿಯಾಕ ಬರ್ತಿರಲಿಲ್ಲ ಅಷ್ಟ. ನಾನೂ ಕೇಳಿದ್ನಿ. ಯಾರೋ ಪಾಪ, ನನ್ಹಂಗ ಕೈ ಸೋತಾಕಿ ಬಂದಾಳ, ಎದ್ದು ಆಕಿಗೆ ಎರಡ ರೊಟ್ಟಿ ಬಡದ ಕೊಡೂನು ಅಂತಿದ್ನಿ. ಏಳಾಕ ಆಗಲಿಲ್ಲ ನೋಡು."