ಇಪ್ಪತ್ತೈದು ಮನೆಗಳ ಹಾಳೆ

ಮೊನ್ನೆ ಕೃಷಿ ಕಾಲೇಜಿನಲ್ಲಿ ಓದುವ ಮೊಮ್ಮಗಳ ಮೇಜಿನ ಮೇಲಿದ್ದ ಹಾಳೆ ಕಂಡು ಚಹಾದ ಲೋಟ ಕೆಳಗಿಟ್ಟೆ. ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ. ಮನೆಗೊಂದು ಅಂಕಿ, ಅಂಕಿಗೊಂದು ಬಣ್ಣ. ಸ್ಕೆಚ್ ಪೆನ್ನಿನ ಅದೇ ವಾಸನೆ...

ಇಪ್ಪತ್ತು ವರ್ಷದ ಹಿಂದೆ ಸಿಂಧನೂರಿನ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಸಂತೆಕಲ್ಲೂರಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಎಂ.ಎಸ್ಸಿ. ಗಣಿತ ಓದುತ್ತಿದ್ದಳು. ಕಾಂಬಿನೇಟರಿಕ್ಸ್ ಅಂದರೇನು ಎಂದು ಕೇಳಿದ್ದಕ್ಕೆ, "ನಿಮಗ ಎರಡು ಅಂಗಿ, ಮೂರು ಲುಂಗಿ ಅದಾವಲ್ಲ ಕಾಕಾ, ಆರು ದಿನ ಆರು ಥರದ ಮದಿಮಗ ಆಗಬಹುದ್ರೀ. ಆ ಲೆಕ್ಕ ಇದು," ಎಂದು ನಕ್ಕಿದ್ದಳು. ಆ ವರ್ಷ ಪ್ರಾಜೆಕ್ಟ್ ಒಪ್ಪಿಸಿ ಪಾಸಾಗದಿದ್ದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಅವರಪ್ಪ ಹೇಳಿಟ್ಟಿದ್ದ.

ಆಗ ಈ ಮೊಮ್ಮಗಳು ಆರು ತಿಂಗಳ ಕೂಸು. ನಾಲ್ಕು ದಿನವಾದರೂ ಜ್ವರ ಇಳಿದಿರಲಿಲ್ಲ. ಒಂದು ಮಧ್ಯಾಹ್ನ ಮೇಲಿನ ಖೋಲಿಯ ಕಿಟಕಿಯಿಂದ ಗಾಳಿಗೆ ಹಾರಿಬಂದ, ಇಂಥದೇ ಮನೆಗಳ ಹಾಳೆ ತೊಟ್ಟಿಲ ಕೆಳಗೆ ಬಿದ್ದಿತ್ತು. ಚಿಕ್ಕಂದಿನಲ್ಲಿ ನನಗೆ ಮಸ್ಕಿಯಿಂದ ಬರೆಸಿ ತಂದ ತಾಯತದೊಳಗೂ ಇಂಥವೇ ಮನೆಗಳಲ್ಲಿ ಅಂಕಿಗಳಿದ್ದವು. ಅದು ಕಾಯಲು ಬರೆದದ್ದು. ಇದು ಕೂಸಿಗೆ ಮಾಡಿದ ಮಾಟವೇ...?

ಆ ಹುಡುಗಿ ಊರಿಗೆ ಹೋಗಿದ್ದಳು. ನನ್ನ ಬಳಿಯಿದ್ದ ಇನ್ನೊಂದು ಕೀಲಿಕೈಯಿಂದ ಖೋಲಿ ತೆಗೆದೆ. ಗೋಡೆ ತುಂಬ ಅವೇ ಮನೆಗಳು. ಹೈಸ್ಕೂಲು ಓದಿದವನು ನಾನು. ಆದರೂ ಅವಳ ನೋಟ್‌ಬುಕ್ಕು, ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿ, ಕಲ್ಲು ಕಟ್ಟಿ ಕಾಲುವೆಗೆ ಬಿಟ್ಟೆ. ಮರುದಿನ ಜ್ವರ ಇಳಿಯಿತು. ಔಷಧ ಕೊಟ್ಟ ಡಾಕ್ಟರರನ್ನು ನಾನು ನೆನೆಯಲೇ ಇಲ್ಲ.

"ಕಾಕಾ, ನನ್ನ ಪ್ರಾಜೆಕ್ಟಿನ ನೋಟ್‌ಬುಕ್ಕೆಲ್ಲ ಎಲ್ಲಿ ಹೋದವ್ರೀ?" ಊರಿಂದ ಬಂದವಳು ಕೇಳಿದಳು.

"ಖೋಲ್ಯಾಗ ಮಂಗ್ಯಾಗಳು ಹೊಕ್ಕಿದ್ವು ಬೇ," ಎಂದೆ.

ಬಾಗಿಲಿಗೆ ಹಾಕಿದ್ದ, ಮುರಿಯದ ಕೀಲಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆ ತಿಂಗಳೇ ಖೋಲಿ ಬಿಟ್ಟಳು. ಗುರುಗುಂಟಾ ಕಡೆ ಮದುವೆ ಮಾಡಿಕೊಟ್ಟರೆಂದು ಯಾರೋ ಹೇಳಿದರು... ಮುಂದಿನದನ್ನು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

"ಇದೇನವಾ?" ಎಂದು ಮೊನ್ನೆ ಮೊಮ್ಮಗಳನ್ನು ಕೇಳಿದೆ.

"ಭತ್ತದ ಐದು ತಳಿ ಅಜ್ಜಾ. ನೆಲ ಒಂದು ಕಡೆ ಜೋರು, ಒಂದು ಕಡೆ ಸಪ್ಪಗ ಇರ್ತೈತಿ. ಹಿಂಗ ಸಾಲಿಗೊಮ್ಮೆ, ಕಂಬಕ್ಕೊಮ್ಮೆ ಹಚ್ಚಿ ನೋಡಿದ್ರ ಯಾವ ತಳಿಗೂ ಅನ್ಯಾಯ ಆಗಂಗಿಲ್ಲ."

ತೊಟ್ಟಿಲ ಕೆಳಗೆ ಸಿಕ್ಕ ಆ ಒಂದು ಹಾಳೆಯನ್ನು ನೀರಿಗೆ ಬಿಡಲೂ ಹೆದರಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ನಿನ್ನೆ ತೆಗೆದು ತೋರಿಸಿದೆ. ಕೊನೆಯ ಸಾಲು ಖಾಲಿಯಿತ್ತು. ಮೊಮ್ಮಗಳು ನಿಂತಲ್ಲೇ ಐದು ಅಂಕಿ ತುಂಬಿದಳು.

"ಯಾರದು ಅಜ್ಜಾ? ಉಳಿದ ಹಾಳಿ ಎಲ್ಲದಾವ?"

ಕಾಲುವೆ ಎಂದು ಬಾಯಿಬಿಟ್ಟು ಹೇಳಲಾರೆ. ಅದಕ್ಕೇ ಇದನ್ನೆಲ್ಲ ಬರೆದೆ. ಇದನ್ನು ಮೊಮ್ಮಗಳ ಪುಸ್ತಕದಲ್ಲಿಟ್ಟು ಬರಬೇಕು. ಓದಿ ನನ್ನನ್ನು ಹೇಗೆ ನೋಡುತ್ತಾಳೋ... ಆ ನೋಟವನ್ನು ನಾನು ಒಮ್ಮೆ ಕಂಡಿದ್ದೇನೆ, ಮುರಿಯದ ಕೀಲಿಯ ಮುಂದೆ.