ಹೆಸ್ಟರ್ ಕೋಣೆಯ ಕಿಟಕಿ

ಬೀದಿಯಿಂದ ನೋಡಿದರೆ ಹೆಸ್ಟರ್ ಪಿಲಿಂಜರಳ ಕೋಣೆಗೆ ಚೆಂದದ ಕಿಟಕಿಯಿತ್ತು. ಒಳಗಿನಿಂದ ನೋಡಿದರೆ ಗೋಡೆಯಿತ್ತು.

ಇಂಗ್ಲೆಂಡನ್ನು ಒಬ್ಬರ ಹಿಂದೊಬ್ಬರಂತೆ ಜಾರ್ಜ್ ಎಂಬ ಹೆಸರಿನ ದೊರೆಗಳೇ ಆಳುತ್ತಿದ್ದಾಗ ಮಾರ್ವುಡ್ ಎಂಬ ಉಣ್ಣೆಬಟ್ಟೆ ವ್ಯಾಪಾರಿ ಕಟ್ಟಿಸಿದ ಮನೆ ಅದು. ನಟ್ಟನಡುವೆ ಬಾಗಿಲು, ಅದರ ನೆತ್ತಿಯ ಮೇಲೆ ಬೀಸಣಿಗೆಯಂತೆ ಹರಡಿದ ಗಾಜು. ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ ಇರಬೇಕು, ಆಗಿನ ಅಂದ ಅದು. ಮೇಲಂತಸ್ತಿನ ಮೂಲೆಯ ಆಳಿನ ಕೋಣೆಗೆ ಕಿಟಕಿ ಬೇಡವೆನಿಸಿತು. ಮನೆಯ ಮುಖಕ್ಕೆ ಮಾತ್ರ ಬೇಕಿತ್ತು. ಮಾರ್ವುಡ್ ಹೊರಗಿನಿಂದ ಕಿಟಕಿಯಂತೆ ಕಾಣಲೆಂದು ಇಟ್ಟಿಗೆಯ ಮೇಲೆ ಗಾಜಿನ ಹಾಗೆ ಕಪ್ಪು ಬಳಿಸಿ, ಚೌಕಟ್ಟಿನ ಹಾಗೆ ಬಿಳಿ ಪಟ್ಟಿ ಎಳೆಸಿದ. ಒಳಗಿನವಳ ಉಸಿರಾಟ ಹೇಗೆ, ಕೆಮ್ಮು ಹಿಡಿದರೆ ಏನು ಗತಿ ಎಂದು ಯಾರೂ ಕೇಳಿದಂತಿಲ್ಲ.

ಎಷ್ಟೋ ತಲೆಮಾರು ಕಳೆದ ಮೇಲೆ, ಹೆಸ್ಟರ್ ಹರೆಯದಲ್ಲೇ ಅಲ್ಲಿ ಮನೆಗೆಲಸಕ್ಕೆ ಸೇರಿದಳು. ನೋಡಲು ಬಂದ ಅವಳಮ್ಮ ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದೆ ಬೀದಿಯಲ್ಲೇ ನಿಂತು ಕತ್ತೆತ್ತಿದಳು.

"ನಿನ್ ರೂಮ್ ಯಾವ್ದೇ?"

"ಆ ಕೊನೇ ಕಿಟಕಿ ಕಾಣ್ತಿದ್ಯಲ್ಲಮ್ಮಾ, ಅದೇ."

"ಸದ್ಯ, ಗಾಳಿ ಬೆಳಕಿಗೇನೂ ಕೊರತೆ ಇಲ್ಲ. ಒಂದು ಹೂವಿನ ಕುಂಡ ಆದ್ರೂ ಇಡ್ಬಾರ್ದಾ, ಸೋಮಾರಿ!"

ಆ ಬೇಸಿಗೆಯಲ್ಲಿ ಬಣ್ಣ ಬಳಿಯಲು ಬಂದ ಲೆನ್‌ಗೆ ಹೆಸ್ಟರ್ ಟೀ ಜೊತೆ ದೊಡ್ಡ ತುಂಡು ಕೇಕ್ ಕೊಟ್ಟಳು. ಅವನು ಆ ಬಣ್ಣದ ಕಪ್ಪು ಗಾಜಿನೊಳಗೆ ಕೆಂಪು ಜೆರೇನಿಯಂ ಹೂವಿನ ಕುಂಡ ಬರೆದ. ಹೂ ಟೊಮೇಟೊ ಹಾಗೆ ಬಂತು. ಅಮ್ಮ ಬದುಕಿರುವಷ್ಟು ಕಾಲ ಬಸ್ಸಿನಿಂದ ಅದನ್ನು ನೋಡಿ ನೆಮ್ಮದಿಯಾಗಿದ್ದಳು.

ಲೆನ್ ತೀರಿಕೊಂಡ. ಹೆಸ್ಟರ್ ತಲೆ ನರೆಯಿತು. ಮಟಮಟ ಮಧ್ಯಾಹ್ನ ದೀಪ ಹಾಕಿಕೊಂಡು ಹೊಲಿಯುತ್ತಿದ್ದ ಅವಳನ್ನು ಮನೆಯೊಡತಿ ಸ್ಟ್ರೋಡ್ ಮೇಡಂ ಒಂದು ದಿನ ಕಂಡರು.

"ಇಷ್ಟು ವರ್ಷ ಬಾಯಿಬಿಟ್ಟು ಹೇಳ್ಬಾರ್ದಿತ್ತಾ ಹೆಸ್ಟರ್? ಗೋಡೆ ಒಡೆಸಿ ನಿಜವಾದ ಕಿಟಕಿ ಇಡಿಸೋಣ."

ಹೆಸ್ಟರ್ ಅಂದೇ ಹೋಗಿ ಹಳದಿ ಪರದೆಬಟ್ಟೆ ತಂದಳು. ಕಾಪಾಡಬೇಕಾದ ಹಳೆಯ ಮನೆಗಳ ಪಟ್ಟಿಯಲ್ಲಿ ಅದೂ ಇದ್ದುದರಿಂದ ನಗರಸಭೆಯ ಒಪ್ಪಿಗೆಯೊಂದು ಬಾಕಿಯಿತ್ತು, ಅಷ್ಟೇ.

ಪರೀಕ್ಷೆಗೆ ಬಂದ ಅಧಿಕಾರಿ ಕ್ವಿಲ್ಟರ್ ಏಣಿ ಹತ್ತಿದವರು ಬಹಳ ಹೊತ್ತು ಇಳಿಯಲಿಲ್ಲ.

"ಇಟ್ಟಿಗೆ ಮುಟ್ಟೋ ಹಾಗಿಲ್ಲ. ಈ ಹೂಕುಂಡ ಮನೆ ಕಟ್ಟಿದ ಕಾಲದ್ದು."

"ಅಯ್ಯೋ ಸಾರ್, ಅದು ನಮ್ಮ ಲೆನ್ ಬರೆದದ್ದು! ಕೇಕ್ ಕೊಟ್ಟು ನಾನೇ ಬರೆಸಿದ್ದು."

"ಹಳೇ ಮನೇಲಿರೋರೆಲ್ಲ ಹೀಗೇ ಹೇಳ್ತಾರಮ್ಮ. ಮೊನ್ನೆ ಒಬ್ರು ಬಾಗಿಲ ಕಂಬ ನಮ್ಮಜ್ಜ ನಿಲ್ಸಿದ್ದು ಅಂದ್ರು."

"ಅವನಿಗೆ ಹೂ ಬರೆಯೋಕೇ ಬರ್ತಿರ್ಲಿಲ್ಲ ಸಾರ್. ನೋಡಿ, ಟೊಮೇಟೊ ಹಾಗಿದೆ!"

"ಅದೇ ಆ ಕಾಲದ ಶೈಲಿ," ಎಂದರು ಕ್ವಿಲ್ಟರ್, ಗೌರವದಿಂದ.

ಒಪ್ಪಿಗೆ ಸಿಗಲಿಲ್ಲ. ಬಣ್ಣ ಮಾಸಿದಾಗಲೆಲ್ಲ ಹೂಕುಂಡವನ್ನು ಇದ್ದ ಹಾಗೆಯೇ ತಿದ್ದಬೇಕೆಂಬ ಅಪ್ಪಣೆ ಮಾತ್ರ ಬಂತು. ಆ ಕೆಲಸ ಹೆಸ್ಟರ್ ಪಾಲಿಗೇ ಬಿತ್ತು. ಏಣಿಯ ಮೇಲೆ ನಿಂತರೆ ಬಸ್ ನಿಲ್ದಾಣ, ಅದರಾಚೆಯ ಹೊಳೆ, ಎಲ್ಲ ಚೆನ್ನಾಗಿ ಕಾಣುತ್ತದೆ. ಅವಳು ಟೊಮೇಟೊಗಳನ್ನು ನಿಧಾನವಾಗಿಯೇ ತಿದ್ದುತ್ತಾಳೆ.

ತಂದ ಬಟ್ಟೆ ಹಾಳಾಗಬಾರದೆಂದು ಕೋಣೆಯೊಳಗೆ ಬರೀ ಗೋಡೆಗೇ ಪರದೆ ತೂಗುಹಾಕಿದಳು. ಬೆಳಗ್ಗೆ ಸರಿಸುತ್ತಾಳೆ, ಸಂಜೆ ಎಳೆಯುತ್ತಾಳೆ.

"ಏನ್ ಕಾಣತ್ತೆ ಹೆಸ್ಟರ್?" ಎಂದು ಸ್ಟ್ರೋಡ್ ಮೇಡಂ ಒಮ್ಮೆ ಕೇಳಿದರು.

"ಗೋಡೆ, ಮೇಡಂ. ಆದ್ರೆ ಈ ಮನೇಲಿ ಗಾಜು ಒರೆಸೋ ಕೆಲಸ ಇಲ್ದಿರೋ ಕಿಟಕಿ ಇದೊಂದೇ."